ಡೀಸೆಲ್ ಕರೆಂಟಿನ ದ್ವೀಪದಲ್ಲಿ ಬ್ಯಾಟರಿ ಸ್ಕೂಟರ್ ಕೊಂಡರೆ ಉಳಿತಾಯವಿದೆಯೇ?

ಮಾಸ್ತರ್ ಶಿರಸಿ (ಶುಕ್ರವಾರ, ಸಂಜೆ 5.20)

ಎಲ್ಲರಿಗೂ ನಮಸ್ಕಾರ. ನಾನು ಮಾಲ್ಡೀವ್ಸ್‌ನ ಉತ್ತರ ಭಾಗದ ಒಂದು ದ್ವೀಪದಲ್ಲಿ ಶಾಲಾ ಶಿಕ್ಷಕ. ಬಂದು ಮೂರನೆಯ ವರ್ಷ. ದ್ವೀಪ ಎಷ್ಟು ದೊಡ್ಡದು ಎಂದು ಊರಿನಲ್ಲಿ ಕೇಳುವವರಿಗೆ ನನ್ನ ಉತ್ತರ ಒಂದೇ: ಅನ್ನಕ್ಕಿಟ್ಟು ಹೊರಟರೆ ಪೂರ್ತಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಅನ್ನ ಬೆಂದಿರುತ್ತದೆ. ಇಷ್ಟಗಲ ಜಾಗದಲ್ಲಿಯೂ ಮನೆಗೊಂದು ಸ್ಕೂಟರ್ ಇದೆ. ಯಾಕೆ ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಈಗ ನನಗೂ ಒಂದು ಬೇಕು ಅನ್ನಿಸುತ್ತಿದೆ. ಇಲ್ಲಿಯ ಮಧ್ಯಾಹ್ನದ ಬಿಸಿಲಿಗೆ ಹತ್ತು ನಿಮಿಷದ ನಡಿಗೆಯೂ ಸಾಕುಬೇಕಾಗುತ್ತದೆ.

ಅಂಗಡಿಗೆ ಬ್ಯಾಟರಿ ಸ್ಕೂಟರ್ ಬಂದಿದೆ. ಆದರೆ ನಮ್ಮ ದ್ವೀಪದ ವಿದ್ಯುತ್ತು ಹೆಚ್ಚು ಕಡಿಮೆ ಪೂರ್ತಿ ಡೀಸೆಲ್ ಜನರೇಟರಿನದು. ಶಾಲೆಯ ಚಾವಣಿಯ ಮೇಲೆ ಒಂದಷ್ಟು ಸೌರಫಲಕಗಳಿವೆ, ಅಷ್ಟೇ. ಡೀಸೆಲ್ ಸುಟ್ಟು ಕರೆಂಟು ಮಾಡಿ, ಆ ಕರೆಂಟಿನಿಂದ ಬ್ಯಾಟರಿ ತುಂಬಿಸಿ ಗಾಡಿ ಓಡಿಸುವುದು ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂತೆ ಅಲ್ಲವೇ? ಅದರ ಬದಲು ನೇರವಾಗಿ ಪೆಟ್ರೋಲ್ ಸ್ಕೂಟರ್ ಕೊಳ್ಳುವುದೇ ಲೇಸಲ್ಲವೇ? ಶಿಕ್ಷಕರ ಕೊಠಡಿಯಲ್ಲಿ ಎರಡು ಪಂಗಡವಾಗಿದೆ. ತಿಳಿದವರು ಹೇಳಿ.

ಇಂಧನ ಲೆಕ್ಕಿಗ (ಶುಕ್ರವಾರ, ರಾತ್ರಿ 8.05)

ಮಾಸ್ತರರೇ, ಪ್ರಶ್ನೆ ಚೆನ್ನಾಗಿದೆ. ಇಪ್ಪತ್ತು ವರ್ಷ ಜನರೇಟರುಗಳ ಜೊತೆಗೇ ಬದುಕಿದವನು ನಾನು, ಲೆಕ್ಕ ಹಾಕದೆ ಇರಲಾಗುವುದಿಲ್ಲ.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯುನಿಟ್ ಶಾಖ ಇದೆ. ಸಣ್ಣ ದ್ವೀಪದ ಜನರೇಟರ್ ಅದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿ ಕೊಡುತ್ತದೆ, ಉಳಿದದ್ದು ಹೊಗೆ ಮತ್ತು ಬಿಸಿ. ತಂತಿಯಲ್ಲಿ, ಚಾರ್ಜರಿನಲ್ಲಿ ಸೋರಿಹೋಗುವುದನ್ನು ಕಳೆದರೆ ಬ್ಯಾಟರಿಗೆ ಸೇರುವುದು ಲೀಟರಿಗೆ ಹೆಚ್ಚೆಂದರೆ ಮೂರು ಯುನಿಟ್. ಕೇಳಲು ಬೇಸರದ ಸಂಗತಿಯೇ. ಆದರೆ ಬ್ಯಾಟರಿ ಸ್ಕೂಟರಿಗೆ 100 ಕಿಲೋಮೀಟರ್ ಓಡಲು ಬೇಕಾಗುವುದೂ ಸುಮಾರು ಮೂರೇ ಯುನಿಟ್! ಅಂದರೆ ಜನರೇಟರಿಗೆ ಸುರಿದ ಒಂದು ಲೀಟರ್ ಡೀಸೆಲ್‌ನಿಂದ 90ರಿಂದ 100 ಕಿಲೋಮೀಟರ್. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಟ್ಟರೆ ಅದೇ ಪುಣ್ಯ. ಡೀಸೆಲ್‌ನಲ್ಲಿ ಲೀಟರಿಗೆ ಶಕ್ತಿ ಹತ್ತು ಪ್ರತಿಶತ ಹೆಚ್ಚು ಎಂದು ಯಾರಾದರೂ ತಕರಾರು ತೆಗೆಯಬಹುದು. ತೆಗೆಯಲಿ, ಆಗಲೂ ಗೆಲ್ಲುವುದು ಬ್ಯಾಟರಿಯೇ.

ಕೊಂಕಣ ಸುತ್ತಿದರೂ ಮೊದಲು ಮೈಲಾರ ಮುಟ್ಟುವುದು ಅದೇ ಎಂದಾಯಿತು. ಕಾರಣ ಇಷ್ಟು: ಸ್ಕೂಟರಿನ ಪುಟ್ಟ ಪೆಟ್ರೋಲ್ ಎಂಜಿನ್, ಅದರಲ್ಲೂ ಅರ್ಧ ಕಿಲೋಮೀಟರ್ ಓಡಿ ನಿಲ್ಲುವ ನಿಮ್ಮ ಊರಿನಲ್ಲಿ, ಇಂಧನ ಹಾಳುಮಾಡುವುದರಲ್ಲಿ ಜನರೇಟರನ್ನೂ ಮೀರಿಸುತ್ತದೆ.

ಕಾರಿಗೆ ಈ ಲೆಕ್ಕವನ್ನು ಹಚ್ಚಬೇಡಿ. ವಿದ್ಯುತ್ ಕಾರಿಗೆ 100 ಕಿಲೋಮೀಟರಿಗೆ 15 ಯುನಿಟ್ ಬೇಕು. ಲೀಟರಿಗೆ 20 ಕಿಲೋಮೀಟರ್ ಬಂತು. ಸಣ್ಣ ಪೆಟ್ರೋಲ್ ಕಾರಿಗೂ ಅದಕ್ಕೂ ದೊಡ್ಡ ಅಂತರವಿಲ್ಲ. ಜನರೇಟರ್ ಹಳೆಯದಾಗಿದ್ದರೆ ಅದೂ ಇಲ್ಲ.

ಕೊಡಚಾದ್ರಿ (ಶುಕ್ರವಾರ, ರಾತ್ರಿ 9.40)

ಲೆಕ್ಕ ಸರಿ, ಪ್ರಶ್ನೆಯೇ ತಪ್ಪು. ಮಾಸ್ತರರೇ, ಅನ್ನ ಬೇಯುವುದರೊಳಗೆ ಸುತ್ತಿ ಬರುವ ದ್ವೀಪದಲ್ಲಿ ನೀವು ತಿಂಗಳಿಗೆ ಎಷ್ಟು ದೂರ ಓಡಿಸುತ್ತೀರಿ? 60 ಕಿಲೋಮೀಟರ್? 80? ಪೆಟ್ರೋಲ್ ಆದರೂ ಎರಡು ಲೀಟರಿಗಿಂತ ಕಡಿಮೆ. ಅದರಲ್ಲಿ ಅರ್ಧ ಉಳಿಸಿ ಏನು ಕಟ್ಟುತ್ತೀರಿ? ನಿಮ್ಮ ಊರಿಗೆ ಅಕ್ಕಿ, ಸಿಮೆಂಟು, ಆ ಪೆಟ್ರೋಲ್ ಡ್ರಮ್ಮು, ಕೊನೆಗೆ ಆ ಬ್ಯಾಟರಿ ಸ್ಕೂಟರ್ ಬರುವುದಾದರೂ ಹೇಗೆ? ಅಲ್ಲಿ ಎಷ್ಟು ಸುಡುತ್ತಿದೆ ಎಂದು ನೋಡಿದ್ದೀರಾ?

ಮಾಸ್ತರ್ ಶಿರಸಿ (ಶನಿವಾರ, ಬೆಳಿಗ್ಗೆ 6.50)

ಕೊಡಚಾದ್ರಿಯವರೇ, ಮಾತು ಖಾರವಾದರೂ ತಲೆಗೆ ಹೋಯಿತು. ರಾತ್ರಿಯೇ ದೋಣಿಯ ಕಪ್ತಾನರನ್ನು ಕೇಳಿದೆ. ಅವರು ನನ್ನ ವಿದ್ಯಾರ್ಥಿಯೊಬ್ಬಳ ತಂದೆ.

ದೊಡ್ಡ ಆಸ್ಪತ್ರೆ, ಬ್ಯಾಂಕು ಇರುವ ಊರು ನಮ್ಮಿಂದ 24 ನಾಟಿಕಲ್ ಮೈಲಿ. ಅಲ್ಲಿಗೆ ವಾರಕ್ಕೆ ಮೂರು ಸಲ ಒಂದು ಖಾಸಗಿ ದೋಣಿ ಹೋಗಿಬರುತ್ತದೆ. ಜನರೂ ಅದರಲ್ಲೇ, ಸಾಮಾನೂ ಅದರಲ್ಲೇ. ಎಂಟು ನಾಟ್, ಅಂದರೆ ಗಂಟೆಗೆ ಎಂಟು ನಾಟಿಕಲ್ ಮೈಲಿ ವೇಗದಲ್ಲಿ ಮೂರು ಗಂಟೆ. ಗಂಟೆಗೆ ಸುಮಾರು 20 ಲೀಟರ್ ಡೀಸೆಲ್. ಹೋಗಿಬರಲು 120 ಲೀಟರ್. ಇಡೀ ದ್ವೀಪದ ಸ್ಕೂಟರುಗಳು ಸೇರಿ ಅಷ್ಟು ಕುಡಿಯಲು ಎಷ್ಟು ದಿನ ಬೇಕೋ! ರಾಜಧಾನಿ ಮಾಲೆಯಿಂದ ಸರಕು ತರುವ ದೊಡ್ಡ ದೋಣಿಯದು ಬೇರೆಯೇ ಕಥೆ.

ಒಂದು ಉಪಕಥೆ: ಇಲ್ಲಿಯವರೂ ದೋಣಿಗೆ ದೋಣಿ ಎಂದೇ ಅನ್ನುತ್ತಾರೆ. ಬಂದ ಮೊದಲ ದಿನ ಜೆಟ್ಟಿಯಲ್ಲಿ ಆ ಒಂದು ಶಬ್ದ ಕಿವಿಗೆ ಬಿದ್ದಾಗ ಎಷ್ಟು ಹಾಯೆನಿಸಿತು ಎಂದರೆ, ಹೇಳಲು ನಾಚಿಕೆ. ಹವಳದ ಉಂಗುರಕ್ಕೆ ಜಗತ್ತೆಲ್ಲ ಬಳಸುವ 'ಅಟಾಲ್' ಎಂಬ ಪದ ಹೋದದ್ದೂ ಇಲ್ಲಿಯ ದಿವೇಹಿ ಭಾಷೆಯಿಂದಲೇ.

ಮೂರನೆಯ ಎಂಜಿನಿಯರ್ (ಶನಿವಾರ, ಮಧ್ಯಾಹ್ನ 1.15)

ಸರಕು ಹಡಗಿನ ಎಂಜಿನ್ ಕೋಣೆಯಿಂದ ಬರೆಯುತ್ತಿದ್ದೇನೆ, ಇಂಟರ್ನೆಟ್ ಸಿಕ್ಕಾಗ ಮಾತ್ರ ಉತ್ತರ.

ಕಪ್ತಾನರಿಗೆ ಹೇಳಿ: ಎಂಟರ ಬದಲು ಏಳು ನಾಟ್‌ನಲ್ಲಿ ಹೋಗಿ ನೋಡಲಿ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಹೊತ್ತು ಕಡಿಮೆಯಾಗುವುದರಿಂದ ಒಂದು ಯಾತ್ರೆಯ ಇಂಧನ ವೇಗದ ವರ್ಗದಂತೆ ಏರುತ್ತದೆ. ಏಳು ನಾಟ್‌ಗೆ ಇಳಿಸಿದರೆ ಗಂಟೆಗೆ 20 ಲೀಟರಿನ ಜಾಗದಲ್ಲಿ 13 ಚಿಲ್ಲರೆ ಸಾಕು. ಮೂರು ಗಂಟೆಯ ದಾರಿಗೆ ಮೂರು ಗಂಟೆ 26 ನಿಮಿಷ ಹಿಡಿಯುತ್ತದೆ. 60 ಲೀಟರ್ ಹೋಗುತ್ತಿದ್ದಲ್ಲಿ 46 ಸಾಕು. ಹೋಗಿಬರುವಾಗ 28 ಲೀಟರ್ ಉಳಿತಾಯ. ಒಂದು ಸ್ಪ್ಯಾನರ್ ಕೂಡ ಕೊಳ್ಳಬೇಕಾಗಿಲ್ಲ.

ಇದು ಬಡವರಿಗೆ ಹೇಳುವ ಉಪದೇಶವೇನೂ ಅಲ್ಲ. 2008ರ ಸುಮಾರಿಗೆ ಎಣ್ಣೆಯ ಬೆಲೆ ಗಗನಕ್ಕೇರಿದಾಗ 24-25 ನಾಟ್‌ನಲ್ಲಿ ಓಡುತ್ತಿದ್ದ ಕಂಟೇನರ್ ಹಡಗುಗಳು 18-20ಕ್ಕೆ ಇಳಿದವು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳೇ ನಿಧಾನವಾಗಿ ಹೋಗುವುದನ್ನು ಕಲಿತವು.

ದಕ್ಕೆಯ ಹುಡುಗ (ಶನಿವಾರ, ರಾತ್ರಿ 10.30)

ಮಂಗಳೂರು ದಕ್ಕೆಯಲ್ಲಿ ನಮ್ಮ ಕುಟುಂಬಕ್ಕೆ ದೋಣಿ ಎಂಜಿನ್ ದುರಸ್ತಿಯ ಕೆಲಸ. ಎಂಜಿನಿಯರ್ ಸರ್ ಹೇಳಿದ ವೇಗದ ಮಾತು ನಿಜ, ಆದರೆ ಅದಕ್ಕಿಂತ ಮೊದಲು ದೋಣಿಯ ಅಡಿ ನೋಡಿ. ಬೆಚ್ಚಗಿನ ಸಮುದ್ರದಲ್ಲಿ ನಿಂತ ದೋಣಿಗೆ ಕೆಲವೇ ವಾರಗಳಲ್ಲಿ ಪಾಚಿ ಹಿಡಿಯುತ್ತದೆ, ಆಮೇಲೆ ಚಿಪ್ಪು. ಕಂಬಳಿ ಹೊದ್ದು ಈಜಿದಂತೆ ಆಗುತ್ತದೆ ಅದರ ಪಾಡು. ಎಂಜಿನ್‌ಗೆ ವಯಸ್ಸಾಯಿತು ಎಂದು ನಮ್ಮಲ್ಲಿಗೆ ತಂದ ಎಷ್ಟೋ ದೋಣಿಗಳಿಗೆ ನಾವು ಮಾಡಿದ ಚಿಕಿತ್ಸೆ ಎಂದರೆ ಅಡಿ ಕೆರೆದು ಬಣ್ಣ ಬಳಿದದ್ದು. ಇನ್ನೊಂದು ಪಂಕ, ಅಂದರೆ ನೀರಿನಡಿ ಸುತ್ತುವ ಪ್ರೊಪೆಲರ್. ಪಂಕದ ಅಂಚು ಬಂಡೆಗೆ ತಾಗಿ ಸೊಟ್ಟಗಾಗಿದ್ದರೂ ಸುತ್ತುತ್ತಿದೆಯಲ್ಲ ಎಂದು ಓಡಿಸುತ್ತಲೇ ಇರುತ್ತಾರೆ.

ಸಣ್ಣ ದೋಣಿಗಳ ಹಿಂದೆ ತೂಗುಹಾಕುವ ಪೆಟ್ರೋಲ್ ಎಂಜಿನ್ ವಿಷಯವನ್ನೂ ಹೇಳಿಬಿಡುತ್ತೇನೆ. ಹಳೆಯ ಟೂ ಸ್ಟ್ರೋಕ್ ಎಂಜಿನ್ ಕುಡಿದ ಪೆಟ್ರೋಲ್‌ನಲ್ಲಿ ಕಾಲುಭಾಗದವರೆಗೆ ಉರಿಯದೆ ಹಾಗೆಯೇ ಹೊರಗೆ ಉಗುಳುತ್ತದೆ. ದೋಣಿಯ ಹಿಂದೆ ನೀರಿನ ಮೇಲೆ ಕಾಮನಬಿಲ್ಲು ಕಾಣುತ್ತದಲ್ಲ, ಅದು ನಿಮ್ಮ ದುಡ್ಡು. ಫೋರ್ ಸ್ಟ್ರೋಕ್ ಆದರೆ ಆ ನಷ್ಟ ಇಲ್ಲ. ಆದರೂ ದ್ವೀಪದವರು ಹಳೆಯದನ್ನೇ ಯಾಕೆ ಬಯಸುತ್ತಾರೆ? ಬೆಲೆ ಕಡಿಮೆ, ಒಬ್ಬನೇ ಎತ್ತಿಕೊಂಡು ಹೋಗಬಹುದು, ಕೆಟ್ಟರೆ ತೆಂಗಿನ ಮರದ ಕೆಳಗೆ ಕುಳಿತು ಒಂದು ಸ್ಪ್ಯಾನರಿನಲ್ಲಿ ಬಿಚ್ಚಿ ಕಟ್ಟಬಹುದು. ಫೋರ್ ಸ್ಟ್ರೋಕಿನ ಒಂದು ಬಿಡಿಭಾಗಕ್ಕೆ ಮೂರು ವಾರ ಕಾಯುವವನ ಹೊಟ್ಟೆಪಾಡು ಏನು? ಊರಿನಲ್ಲೇ ಬಿಡಿಭಾಗದ ಅಂಗಡಿ, ಕೈ ಪಳಗಿದ ಮೆಕ್ಯಾನಿಕ್ ಇಲ್ಲದೆ ಎಂಜಿನ್ ಮಾತ್ರ ಬದಲಾಯಿಸಿ ಎಂದರೆ ಯಾರೂ ಕೇಳುವುದಿಲ್ಲ.

ಪೋರ್ಟ್ ಲೂಯಿ 2018 (ಭಾನುವಾರ, ಬೆಳಿಗ್ಗೆ 9.00)

ದ್ವೀಪರಾಷ್ಟ್ರ ಎಂದರೆ ಬರೀ ದೋಣಿ ಎಂದುಕೊಳ್ಳಬೇಡಿ. ನಾನು ಮಾರಿಷಸ್‌ನ ಮೆಟ್ರೋ ಎಕ್ಸ್‌ಪ್ರೆಸ್ ಕಾಮಗಾರಿಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದೆ. ಕಟ್ಟಿದ್ದು ನಮ್ಮ ಎಲ್ ಆ್ಯಂಡ್ ಟಿ, ಹಣದಲ್ಲಿ ಭಾರತದ ಅನುದಾನ ಮತ್ತು ಸಾಲ ಎರಡೂ ಇತ್ತು. 2020ರ ಜನವರಿಯಲ್ಲಿ ಪೋರ್ಟ್ ಲೂಯಿಯಿಂದ ರೋಸ್ ಹಿಲ್‌ವರೆಗೆ ಜನರಿಗೆ ತೆರೆಯಿತು, 2022ರಲ್ಲಿ ಕ್ಯೂರ್‌ಪೀಪ್ ಮುಟ್ಟಿತು. ಹನ್ನೆರಡೂವರೆ ಲಕ್ಷ ಜನ, ಆರು ಲಕ್ಷಕ್ಕೂ ಮೀರಿದ ವಾಹನಗಳು. ಬೆಳಿಗ್ಗೆ ರಾಜಧಾನಿಗೆ ಇಳಿಯುವ ಹೆದ್ದಾರಿಯಲ್ಲಿ ಕುಳಿತು ಪೆಟ್ರೋಲ್ ಸುಡುವುದೇ ಅವರ ದಿನಚರಿಯಾಗಿತ್ತು.

ಹೊಟ್ಟೆ ಉರಿಯುವ ಸಂಗತಿ ಬೇರೆ ಇದೆ. ಆ ದೇಶದಲ್ಲಿ 1864ರಲ್ಲೇ ರೈಲು ಇತ್ತು! 1956ರಲ್ಲಿ ಪ್ರಯಾಣಿಕರ ರೈಲು ನಿಲ್ಲಿಸಿದರು, 1964ರ ಹೊತ್ತಿಗೆ ಪೂರ್ತಿ ಮುಚ್ಚಿದರು. ನಾವು ಮೆಟ್ರೋ ಹಳಿ ಹಾಕಿದ ದಾರಿಯಲ್ಲಿ ಬಹಳಷ್ಟು ಕಡೆ ಹಳೆಯ ರೈಲುದಾರಿಯೇ ಇತ್ತು. ಅಜ್ಜ ಮಾರಿದ ಗದ್ದೆಯನ್ನು ಮೊಮ್ಮಗ ಸಾಲ ಮಾಡಿ ಕೊಂಡಂತೆ.

ನಮ್ಮಲ್ಲಿ ಶಕ್ತಿ ಯೋಜನೆಯ ಬಗ್ಗೆ ಇಷ್ಟೊಂದು ಗಲಾಟೆ ನಡೆಯಿತಲ್ಲ, ಮಾರಿಷಸ್‌ನಲ್ಲಿ ವಿದ್ಯಾರ್ಥಿಗಳಿಗೂ ಹಿರಿಯರಿಗೂ 2005ರಿಂದಲೇ ಬಸ್ ಉಚಿತ.

ಕೊಡಚಾದ್ರಿ (ಭಾನುವಾರ, ಬೆಳಿಗ್ಗೆ 9.35)

ಮಾರಿಷಸ್‌ಗೆ ಗುಡ್ಡವಿದೆ, ಕಬ್ಬಿನ ಗದ್ದೆಯಿದೆ, ಹೆದ್ದಾರಿಯಿದೆ. ಮಾಸ್ತರರ ದ್ವೀಪಕ್ಕೆ ಮೆಟ್ರೋ ಹಾಕಿದರೆ ಎಂಜಿನ್ ಒಂದು ದಡದಲ್ಲಿ, ಕೊನೆಯ ಬೋಗಿ ಇನ್ನೊಂದು ದಡದಲ್ಲಿ ನಿಲ್ಲುತ್ತದೆ.

ಮಾಸ್ತರ್ ಶಿರಸಿ (ಭಾನುವಾರ, ರಾತ್ರಿ 8.20)

ನಕ್ಕು ಸಾಕಾಯಿತು. ಆದರೂ ಮಾಲೆಯ ಮಟ್ಟಿಗೆ ಪೋರ್ಟ್ ಲೂಯಿಯವರ ಮಾತಿನಲ್ಲಿ ಹುರುಳಿದೆ. ಎರಡು ಚದರ ಕಿಲೋಮೀಟರ್ ಆಸುಪಾಸಿನ ಊರು, ಕಾಲಿಡಲು ಜಾಗವಿಲ್ಲದಷ್ಟು ಮೋಟಾರ್‌ಸೈಕಲ್ಲು. 2018ರಲ್ಲಿ ಪಕ್ಕದ ಹುಲುಮಾಲೆ ದ್ವೀಪಕ್ಕೆ ಸೇತುವೆ ಆಯಿತು. ಅದಕ್ಕೂ ಮೊದಲು ಎಲ್ಲರೂ ಒಂದೇ ದೋಣಿಯಲ್ಲಿ ಇಪ್ಪತ್ತು ನಿಮಿಷ ಕುಳಿತು ದಾಟುತ್ತಿದ್ದರು. ಈಗ ಬಸ್ ಇದ್ದರೂ ಎಷ್ಟೋ ಜನ ತಮ್ಮ ತಮ್ಮ ಬೈಕಿನಲ್ಲಿ ದಾಟುತ್ತಾರೆ. ಅನುಕೂಲವಾಯಿತು, ನಿಜ. ಆದರೆ ಆ ಬೈಕುಗಳನ್ನೆಲ್ಲ ಎಲ್ಲಿ ನಿಲ್ಲಿಸುವುದು?

ಎದುರಿಗೇ ವಿಲ್ಲಿಂಗಿಲಿ ಎಂಬ ಪುಟ್ಟ ದ್ವೀಪವಿದೆ, ಮಾಲೆಯಿಂದ ಹತ್ತು ನಿಮಿಷದ ದೋಣಿ. ಅಲ್ಲಿ ಬಹಳ ಕಾಲದಿಂದ ಕಾರುಗಳನ್ನು ಬಿಟ್ಟುಕೊಂಡಿಲ್ಲ. ಒಂದು ಸಂಜೆ ಅಲ್ಲಿ ನಡೆದಾಗ ಕೇಳಿಸಿದ್ದು ಮಕ್ಕಳ ಕೂಗು ಮತ್ತು ಕಾಗೆ.

ಲೆಕ್ಕಿಗರೇ, ಇನ್ನೊಂದು ಪ್ರಶ್ನೆ. ಕೇರಳದಲ್ಲಿ ಸೌರಶಕ್ತಿಯ ದೋಣಿ ಓಡುತ್ತದೆ ಎಂದು ಓದಿದ್ದೆ. ನಮ್ಮ 24 ಮೈಲಿಗೆ ಅದು ಆಗುವುದಿಲ್ಲವೇ? ಬಿಸಿಲಿಗಂತೂ ಬರವಿಲ್ಲ.

ಇಂಧನ ಲೆಕ್ಕಿಗ (ಸೋಮವಾರ, ಬೆಳಿಗ್ಗೆ 7.10)

ಕೇರಳದ 'ಆದಿತ್ಯ' 2017ರ ಜನವರಿಯಲ್ಲಿ ಶುರುವಾಯಿತು. 75 ಜನರ ದೋಣಿ, ವೈಕಂನಿಂದ ತವಣಕ್ಕಡವಿಗೆ ಹಿನ್ನೀರಿನಲ್ಲಿ ಸುಮಾರು ಮೂರು ಕಿಲೋಮೀಟರ್. ಅಲೆಯಿಲ್ಲ, ದೂರವಿಲ್ಲ, ಅವಸರವಿಲ್ಲ. ಅದಕ್ಕಾಗಿಯೇ ಗೆದ್ದಿತು.

ನಿಮ್ಮ ದೋಣಿಗೆ ಬನ್ನಿ. ಚಾವಣಿಯ ಮೇಲೆ ಹೆಚ್ಚೆಂದರೆ 10 ಕಿಲೋವ್ಯಾಟ್ ಫಲಕ ಕೂರಿಸಬಹುದು. ದಿನಕ್ಕೆ 45-50 ಯುನಿಟ್ ಸಿಗುತ್ತದೆ. ಎಂಟು ನಾಟ್‌ಗೆ ನಿಮ್ಮ ಎಂಜಿನ್ ಕೊಡುತ್ತಿರುವುದು ಸುಮಾರು 75 ಕಿಲೋವ್ಯಾಟ್. ಇಡೀ ದಿನ ಗಳಿಸಿದ ಬಿಸಿಲು ಮುಕ್ಕಾಲು ಗಂಟೆಯೂ ಬಾಳುವುದಿಲ್ಲ, ಐದು ಮೈಲಿಗೆ ಮುಗಿಯಿತು. ಐದು ನಾಟ್‌ಗೆ ಇಳಿದರೆ 18 ಕಿಲೋವ್ಯಾಟ್ ಸಾಕು, 13 ಮೈಲಿ ಹೋಗಬಹುದು. 24 ಆಗುವುದಿಲ್ಲ. ಉಳಿದದ್ದಕ್ಕೆ ಜೆಟ್ಟಿಯಲ್ಲಿ ಚಾರ್ಜ್ ಮಾಡೋಣ ಎಂದರೆ ಆ ವಿದ್ಯುತ್ತು ಮತ್ತೆ ಡೀಸೆಲ್‌ನದು. ಸ್ಕೂಟರಿನಲ್ಲಿ ಕೆಲಸ ಮಾಡಿದ ಉಪಾಯ ಇಲ್ಲಿ ಕೈಕೊಡುತ್ತದೆ, ಯಾಕೆಂದರೆ ದೋಣಿಯಲ್ಲಿರುವುದೂ ಡೀಸೆಲ್ ಎಂಜಿನ್ನೇ, ಜನರೇಟರಿನದೂ ಡೀಸೆಲ್ ಎಂಜಿನ್ನೇ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದು ನಡುವೆ ಬ್ಯಾಟರಿಗೆ ಸುಂಕ ಕಟ್ಟಿದಂತೆ.

ಮಾಲೆ-ವಿಲ್ಲಿಂಗಿಲಿ ಹತ್ತು ನಿಮಿಷದ ದಾರಿ ಎಂದಿರಲ್ಲ, ಬ್ಯಾಟರಿ ದೋಣಿಗೆ ಅದು ಹೇಳಿ ಮಾಡಿಸಿದ ಜಾಗ.

ರಾತ್ರಿಪಾಳಿ (ಸೋಮವಾರ, ರಾತ್ರಿ 11.50)

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯದೆ ಇರಲಾಗಲಿಲ್ಲ. ನಾನು ನರ್ಸ್. ಮಾಲ್ಡೀವ್ಸ್‌ನ ಒಂದು ಆರೋಗ್ಯ ಕೇಂದ್ರದಲ್ಲಿ ನಾಲ್ಕು ವರ್ಷ ಇದ್ದು ಬಂದವಳು.

ಏಳು ನಾಟ್, ಐದು ನಾಟ್ ಎಂದು ನೀವೆಲ್ಲ ಬರೆಯುವಾಗ ನನಗೆ ನೆನಪಾಗುವುದು ಒಂದು ರಾತ್ರಿ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದ ಹೆಣ್ಣುಮಗಳು, ಮುಂದಿನ ದ್ವೀಪದ ಆಸ್ಪತ್ರೆಗೆ ಕರೆದೊಯ್ಯಬೇಕು. ಸ್ಪೀಡ್ ಬೋಟಿನಲ್ಲಿ ಐವತ್ತು ನಿಮಿಷ. ಆ ಐವತ್ತು ನಿಮಿಷ ಅವಳ ಹೊಟ್ಟೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡೇ ಇದ್ದೆ. ಅವಳು ಬದುಕಿದಳು. ನಿಧಾನದ ದೋಣಿಯಾಗಿದ್ದರೆ ಬದುಕುತ್ತಿರಲಿಲ್ಲ. ದ್ವೀಪದವರು ವೇಗಕ್ಕೆ ಆಸೆಪಡುವುದು ಷೋಕಿಗಲ್ಲ. ದ್ವೀಪಗಳ ನಡುವೆ ಓಡುವ ಸರ್ಕಾರಿ ಸಾರಿಗೆ ಆರ್‌ಟಿಎಲ್‌ನ ವೇಗದ ದೋಣಿಗಳು ಬಂದಾಗ ಜನ ಖುಷಿಪಟ್ಟದ್ದು ಸುಮ್ಮನೆ ಅಲ್ಲ.

ಆದರೆ ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಸತ್ಯವಾಗುತ್ತದೆ. ಸರಕಿನ ದೋಣಿ ನಾಲ್ಕು ದಿನ ತಡವಾಯಿತೆಂದು ಇನ್ಸುಲಿನ್ ಮುಗಿದುಹೋಗಿ, ತಲಾ ಇನ್ನೂರು ಕುದುರೆಶಕ್ತಿಯ ಎರಡು ಎಂಜಿನ್‌ಗಳ ಬೋಟು ಒಂದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ತರಲು ಹೋದದ್ದನ್ನೂ ನಾನು ಕಂಡಿದ್ದೇನೆ. ಒಂದು ಸಲವಲ್ಲ. ದೊಡ್ಡ ಫ್ರಿಜ್ಜು, ತಿಂಗಳ ದಾಸ್ತಾನು, ಹೇಳಿದ ದಿನಕ್ಕೆ ಬರುವ ನಿಧಾನದ ದೋಣಿ ಇದ್ದಿದ್ದರೆ ಆ ಓಟಗಳೆಲ್ಲ ತಪ್ಪುತ್ತಿದ್ದವು. ಜನ ನಿಧಾನವನ್ನು ಸಹಿಸುತ್ತಾರೆ. ಯಾವಾಗ ಬರುತ್ತದೆಂದು ತಿಳಿಯದೆ ಇರುವುದನ್ನು ಸಹಿಸುವುದಿಲ್ಲ.

ಮೂರನೆಯ ಎಂಜಿನಿಯರ್ (ಮಂಗಳವಾರ, ಸಂಜೆ 4.40)

ಸಿಸ್ಟರ್, ಒಪ್ಪಿದೆ. ನನ್ನ ಮಾತಿಗೆ ಒಂದು ತಿದ್ದುಪಡಿಯನ್ನೂ ಸೇರಿಸುತ್ತೇನೆ. ನಾನು ಹೇಳಿದ ಘನದ ಲೆಕ್ಕ ನೀರನ್ನು ಸೀಳುವ ದೋಣಿಗೆ ಮಾತ್ರ. ಸ್ಪೀಡ್ ಬೋಟು ನೀರಿನ ಮೇಲೆ ಎದ್ದು ಜಾರುತ್ತದೆ. ಅದನ್ನು ಅರೆಬರೆ ನಿಧಾನ ಮಾಡಿದರೆ ಮೂತಿ ಮೇಲಕ್ಕೆತ್ತಿ, ಬಾಲ ಅದ್ದಿ, ಇನ್ನೂ ಹೆಚ್ಚು ಕುಡಿಯುತ್ತದೆ. ಆಂಬುಲೆನ್ಸ್ ಬೋಟು ಆಂಬುಲೆನ್ಸಿನಂತೆಯೇ ಓಡಲಿ, ಅಕ್ಕಿ ಮೂಟೆಗೆ ಆ ವೇಗ ಬೇಡ. ಎರಡನ್ನೂ ಒಂದೇ ದೋಣಿಗೆ ಹೇರುವುದರಿಂದಲೇ ಎಡವಟ್ಟು.

ನನ್ನ ಹಡಗಿನ ಹಿಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ 'ಮಜುರೊ' ಎಂದು ಬರೆದಿದೆ. ಮಾರ್ಷಲ್ ದ್ವೀಪಗಳ ರಾಜಧಾನಿ. ನಾನು ಇಲ್ಲಿಯವರೆಗೆ ಮಜುರೊ ಕಂಡಿಲ್ಲ, ನನ್ನ ಹಡಗೂ ಕಂಡಿಲ್ಲ. ನೋಂದಣಿ ಮಾತ್ರ ಅಲ್ಲಿಯದು. ಸುಮಾರು 42 ಸಾವಿರ ಜನರಿರುವ ಆ ದೇಶದ ಧ್ವಜ ಹಾರಿಸುವ ಹಡಗುಗಳ ಲೆಕ್ಕ ಹಿಡಿದರೆ ಅದು ಜಗತ್ತಿನ ಮೊದಲ ಮೂರರಲ್ಲಿ ನಿಲ್ಲುತ್ತದೆ. ಆದರೆ ಅವರದೇ 29 ಅಟಾಲ್‌ಗಳ ನಡುವೆ ಅಕ್ಕಿ ಕೊಟ್ಟು ಕೊಬ್ಬರಿ ತರಲು ಇರುವುದು ಕೈಬೆರಳೆಣಿಕೆಯ ಹಡಗುಗಳು. ಅದಕ್ಕೆಂದೇ ಜರ್ಮನಿಯ ನೆರವಿನಲ್ಲಿ 48 ಮೀಟರ್ ಉದ್ದದ ಹಾಯಿ ಹಡಗು ಕಟ್ಟಿಸಿದರು. ಹೆಸರು 'ಜುರೆನ್ ಆಯೆ'. ದಕ್ಷಿಣ ಕೊರಿಯಾದಲ್ಲಿ ತಯಾರಾಗಿ 2024ರಲ್ಲಿ ಮಜುರೊ ಸೇರಿತು. ಹಾಯಿಯ ಜೊತೆಗೆ ಎಂಜಿನ್ನೂ ಇದೆ, ಸೌರಫಲಕವೂ ಇದೆ. ಗಾಳಿ ಇದ್ದಾಗ ಗಾಳಿ, ಇಲ್ಲದಾಗ ಡೀಸೆಲ್.

ಇದೇ ದೇಶ ಸಾಲೊಮನ್ ದ್ವೀಪಗಳ ಜೊತೆ ಸೇರಿ 2021ರಲ್ಲಿ, ಹಡಗುಗಳು ಉಗುಳುವ ಪ್ರತಿ ಟನ್ ಇಂಗಾಲದ ಡೈಆಕ್ಸೈಡ್‌ಗೆ 100 ಡಾಲರ್ ತೆರಿಗೆ ಹಾಕಿ ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಮುಂದೆ ಪ್ರಸ್ತಾವ ಇಟ್ಟಿತು. ತನ್ನ ಧ್ವಜದ ಹಡಗುಗಳೂ ಬಹಳಷ್ಟು ಕಟ್ಟಬೇಕಾಗುತ್ತದೆ ಎಂದು ಗೊತ್ತಿದ್ದೂ! 2025ರ ಏಪ್ರಿಲ್‌ನಲ್ಲಿ ಅದಕ್ಕಿಂತ ಸೌಮ್ಯವಾದ ಒಂದು ಚೌಕಟ್ಟಿಗೆ ಒಪ್ಪಿಗೆ ಸಿಕ್ಕಿತು. ಅಕ್ಟೋಬರ್‌ನಲ್ಲಿ ಅಂಗೀಕರಿಸುವ ಹೊತ್ತಿಗೆ ಒಂದು ವರ್ಷ ಮುಂದೂಡಿದರು. ನಮ್ಮ ಎಂಜಿನ್ ಕೋಣೆಯಲ್ಲಿ ಆ ದಿನ ಯಾರೂ ಆಶ್ಚರ್ಯಪಡಲಿಲ್ಲ.

ಸುವಾದಿಂದ (ಬುಧವಾರ, ಬೆಳಿಗ್ಗೆ 5.30)

ಹಾಯಿಯ ಮಾತು ಬಂದದ್ದರಿಂದ ಫಿಜಿಯ ಹಳೆಯ ಕಥೆಯೊಂದು. ನಾನು ಇಲ್ಲಿಯ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದಲ್ಲಿ ಓದಿದವಳು.

1973 ಮತ್ತು 1979ರಲ್ಲಿ ಎಣ್ಣೆಯ ಬೆಲೆ ಏರಿದಾಗ ಪೆಸಿಫಿಕ್ ದ್ವೀಪಗಳಿಗೆ ಉಸಿರುಗಟ್ಟಿತು. 1980ರ ದಶಕದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಫಿಜಿಯ 'ನ ಮತೈಸೌ' ಎಂಬ ಸರ್ಕಾರಿ ಹಡಗಿಗೆ ಕೂವೆಮರ ನಿಲ್ಲಿಸಿ ಹಾಯಿ ಕಟ್ಟಿದರು. ಸುಮಾರು ಕಾಲುಭಾಗದಷ್ಟು ಇಂಧನ ಉಳಿಯಿತು. ಹಡಗು ಹೊರಳಾಡುವುದು ಕಡಿಮೆಯಾಗಿ ಪ್ರಯಾಣಿಕರಿಗೆ ವಾಂತಿಯೂ ಕಡಿಮೆಯಾಯಿತಂತೆ. 1986ರಲ್ಲಿ ಎಣ್ಣೆಯ ಬೆಲೆ ದಡಕ್ಕನೆ ಬಿತ್ತು. ಅಲ್ಲಿಗೆ ಹಾಯಿಯ ಉತ್ಸಾಹವೂ ಬಿತ್ತು. ವರದಿಗಳು ಕಪಾಟು ಸೇರಿದವು. ಮೂವತ್ತು ವರ್ಷದ ಮೇಲೆ ಅದೇ ವಿಶ್ವವಿದ್ಯಾಲಯದವರು ದೂಳು ಕೊಡವಿ ಅವನ್ನೇ ಓದಬೇಕಾಯಿತು. 2019ರಲ್ಲಿ ಫಿಜಿ, ಮಾರ್ಷಲ್, ಟುವಾಲು, ಕಿರಿಬಾಟಿ ಮೊದಲಾದ ದೇಶಗಳು ಸೇರಿ, 2030ಕ್ಕೆ ಹಡಗುಗಳ ಹೊಗೆಯನ್ನು 40 ಪ್ರತಿಶತ ಇಳಿಸುವುದಾಗಿ ಒಂದು ಕೂಟ ಕಟ್ಟಿಕೊಂಡಿವೆ. ಆದರೆ ಹಣ ಹುಟ್ಟಿಸುವುದೇ ಕಷ್ಟ. ಹೊರ ದ್ವೀಪಕ್ಕೆ ಹೋಗುವ ಹಡಗು ತುಂಬಿ ಹೋಗುತ್ತದೆ, ಬರುವಾಗ ಒಂದಿಷ್ಟು ಕೊಬ್ಬರಿ ಬಿಟ್ಟರೆ ಖಾಲಿ. ಅಂಥ ಹಡಗಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ?

ದಕ್ಕೆಯ ಹುಡುಗ (ಬುಧವಾರ, ರಾತ್ರಿ 9.15)

ಅಕ್ಕಾ, ಖಾಲಿ ಬರುವ ಹಡಗಿನ ಕಷ್ಟ ನಮ್ಮ ದಕ್ಕೆಗೂ ಗೊತ್ತು. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ, ಅಂದರೆ ಮರದ ಸರಕು ದೋಣಿಗಳಿಗೆ, ಹೋಗುವಾಗ ಜಲ್ಲಿ, ಮರಳು, ಸಿಮೆಂಟು, ತರಕಾರಿ, ಆಡು ಎಲ್ಲ ಇರುತ್ತದೆ. ಬರುವಾಗ ತೆಂಗಿನಕಾಯಿ, ಒಣಮೀನು ಸಿಕ್ಕಷ್ಟು. ಅಮಿನಿ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ ಆಗಿದ್ದವು, ಅಲ್ಲಿಯ ಜನರಿಗೆ ಈಗಲೂ ಪೇಟೆ ಎಂದರೆ ಮಂಗಳೂರು.

ನನ್ನ ಅಜ್ಜ ಹಾಯಿ ಮಂಜಿಯಲ್ಲಿ ಹೋದವರು. ಹಾಯಿ ಕಟ್ಟಿ ಎಂದು ಸುಲಭವಾಗಿ ಹೇಳುತ್ತೀರಿ. ಗಾಳಿ ಬದಲಾದಾಗ ಆ ಒದ್ದೆ ಹಾಯಿಯನ್ನು ಎಳೆದು ತಿರುಗಿಸಲು ಎಷ್ಟು ಕೈಗಳು ಬೇಕು ಗೊತ್ತೇ? ಗಾಳಿ ಬಿದ್ದರೆ ನಡು ಸಮುದ್ರದಲ್ಲಿ ದಿನಗಟ್ಟಲೆ ಗಂಜಿ ಕುಡಿದು ಕೂರಬೇಕು. ಎಂಜಿನ್ ಬಂದಾಗ ಅಜ್ಜ ಅದಕ್ಕೆ ಹೂವಿನ ಹಾರ ಹಾಕಿದರಂತೆ. ಹಾಯಿ ಮತ್ತೆ ಬರುವುದಾದರೆ ಎಂಜಿನ್ನಿನ ಜೊತೆಗೆ, ಸಹಾಯಕ್ಕೆ ಬರಲಿ. ಮಾಸ್ತರರೇ, ನಿಮ್ಮ ಕಡೆಯ ದೋಣಿಗಳಿಗೆ ಎಂಜಿನ್ ಬಂದದ್ದು ಯಾವಾಗ?

ಮಾಸ್ತರ್ ಶಿರಸಿ (ಗುರುವಾರ, ಸಂಜೆ 6.00)

1974ರಿಂದ ಮೀನುಗಾರಿಕೆಯ ದೋಣಿಗಳಿಗೆ ಎಂಜಿನ್ ಕೂರಿಸಲು ಶುರುಮಾಡಿದರು. ಜಗತ್ತೆಲ್ಲ ಎಣ್ಣೆಯ ಬೆಲೆಗೆ ಬೆಚ್ಚಿಬಿದ್ದ ಮರುವರ್ಷವೇ! ಆದರೂ ಇಲ್ಲಿಯ ಹಿರಿಯರು ಯಾರೂ ಅದಕ್ಕೆ ಪಶ್ಚಾತ್ತಾಪಪಡುವುದಿಲ್ಲ. ಎಂಜಿನ್ ಬಂದ ಮೇಲೆ ದೂರದ ಮೀನೂ ಕೈಗೆ ಸಿಕ್ಕಿತು, ಸಂಜೆಗೆ ಮನೆಯೂ ಸಿಕ್ಕಿತು ಎನ್ನುತ್ತಾರೆ.

ಕಪ್ತಾನರು ಏಳು ನಾಟ್‌ನ ಪರೀಕ್ಷೆಗೆ ಒಪ್ಪಿದ್ದಾರೆ. ಫಲಿತಾಂಶ ತಿಳಿಸುತ್ತೇನೆ.

ಇಂಧನ ಲೆಕ್ಕಿಗ (ಗುರುವಾರ, ಸಂಜೆ 6.25)

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಅಡಿ ಕೆರೆಯುವುದು, ವೇಗ ಇಳಿಸುವುದು ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಎಷ್ಟು ಉಳಿಯಿತು ಎಂದು ತಿಳಿಯುವುದಿಲ್ಲ.

ಮಾಸ್ತರ್ ಶಿರಸಿ (ಐದು ವಾರಗಳ ನಂತರ, ಶುಕ್ರವಾರ, ಬೆಳಿಗ್ಗೆ 10.10)

ತಡವಾದದ್ದಕ್ಕೆ ಕ್ಷಮೆಯಿರಲಿ, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಮುಳುಗಿದ್ದೆ.

ಅಳತೆಕೋಲನ್ನು ಟ್ಯಾಂಕಿಗೆ ಅದ್ದಿ, ಮೊಬೈಲಿನಲ್ಲಿ ವೇಗ ನೋಡಿಕೊಂಡು ಎರಡು ವಾರ ಬರೆದಿಟ್ಟೆವು. ಎಂಟು ನಾಟ್‌ನಲ್ಲಿ ಹೋಗಿಬರಲು ಸರಾಸರಿ 121 ಲೀಟರ್. ಏಳರಲ್ಲಿ 97. ಎಂಜಿನಿಯರ್ ಸರ್ ಹೇಳಿದಷ್ಟಲ್ಲ, ಒಂದು ದಿನ ಎದುರು ಹರಿವು ಜೋರಾಗಿತ್ತು. ಪ್ರಯಾಣಿಕರಲ್ಲಿ ಗೊಣಗಿದವರು ಇಬ್ಬರೇ. ಅವರಲ್ಲಿ ಒಬ್ಬ ನಾನು, ಹಸಿವಾಗಿತ್ತು.

ಆಮೇಲೆ ನಡೆದದ್ದು ಕೇಳಿ. ದೋಣಿಯ ಮಾಲೀಕರು ಯಾತ್ರೆಗೆ 125 ಲೀಟರ್ ಲೆಕ್ಕದಲ್ಲಿ ಡೀಸೆಲ್ ಕೊಡುತ್ತಿದ್ದರು. ಡ್ರಮ್ಮಿನಲ್ಲಿ ಉಳಿದದ್ದು ಕಂಡು ಮೂರನೆಯ ವಾರದಿಂದ 100ಕ್ಕೆ ಇಳಿಸಿದರು. ಸಿಬ್ಬಂದಿಗೆ ದಿನಕ್ಕೆ ಐವತ್ತು ನಿಮಿಷ ಹೆಚ್ಚು ಕೆಲಸ, ಕೈಗೆ ಒಂದು ರುಫಿಯಾ ಹೆಚ್ಚಿಲ್ಲ. ನಾಲ್ಕನೆಯ ವಾರ ಹುಡುಗರು ಮತ್ತೆ ಎಂಟು ನಾಟ್ ಹಿಡಿದರು. ವಾಪಸ್ ಬರಲು ಡೀಸೆಲ್ ಸಾಲದೆ ಅಲ್ಲಿಯೇ ಕ್ಯಾನಿನಲ್ಲಿ ಕೊಂಡು ಮಾಲೀಕರಿಗೆ ಬಿಲ್ಲು ಕೊಟ್ಟರು. ಕಪ್ತಾನರು ನನ್ನನ್ನು ಕಂಡಾಗ ಮುಖ ತಿರುಗಿಸುವುದಿಲ್ಲ, ಆದರೆ ಮೊದಲಿನ ನಗುವೂ ಇಲ್ಲ.

ಕೊಡಚಾದ್ರಿ (ಶುಕ್ರವಾರ, ಬೆಳಿಗ್ಗೆ 10.40)

ಉಳಿಸಿದವನು ಒಬ್ಬ, ಉಂಡವನು ಇನ್ನೊಬ್ಬ. ವೇಗದ ಘನ ಕಲಿಸಿದಿರಿ, ಈ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಮೂರನೆಯ ಎಂಜಿನಿಯರ್ (ಶನಿವಾರ, ರಾತ್ರಿ 2.30)

ದೊಡ್ಡ ಹಡಗುಗಳಲ್ಲೂ ಇದೇ ರೋಗ. ಕಾಲಾವಧಿಗೆ ಬಾಡಿಗೆ ಕೊಟ್ಟ ಹಡಗಿನ ಇಂಧನದ ದುಡ್ಡು ಬಾಡಿಗೆದಾರನದು. ಅಡಿ ಕೆರೆಸುವುದು, ಒಳ್ಳೆಯ ಪಂಕ ಹಾಕಿಸುವುದು ಮಾಲೀಕನ ಖರ್ಚು. ತನಗೆ ಉಳಿಯದ ದುಡ್ಡಿಗಾಗಿ ಮಾಲೀಕ ಯಾಕೆ ಕೈ ಬಿಚ್ಚಬೇಕು? ಉಳಿದ ಡೀಸೆಲ್‌ನ ಬೆಲೆಯಲ್ಲಿ ಅರ್ಧ ಸಿಬ್ಬಂದಿಗೆ ಎಂದು ಬರಹದಲ್ಲಿ ಆಗಲಿ. ಬಾಯಿಮಾತು ಬೇಡ.

ಮಾಸ್ತರ್ ಶಿರಸಿ (ಶನಿವಾರ, ಸಂಜೆ 7.00)

ಅದೇ ಯೋಚನೆ ಕಪ್ತಾನರಿಗೂ ಬಂದಿತ್ತು. ಮೂರನೇ ಎರಡು ಭಾಗ ಮಾಲೀಕರಿಗೆ, ಒಂದು ಭಾಗ ಸಿಬ್ಬಂದಿಗೆ ಎಂದು ದಿವೇಹಿಯಲ್ಲಿ ಪತ್ರ ಬರೆದಿದ್ದಾರೆ. ಲೆಕ್ಕದ ಪಟ್ಟಿ ಮಾಡಿಕೊಟ್ಟದ್ದು ನಾನು. ಮಾಲೀಕರು ಮಾಲೆಯಲ್ಲಿರುತ್ತಾರೆ, ಉತ್ತರ ಬಂದಿಲ್ಲ. ಮುಂದಿನ ತಿಂಗಳು ದೋಣಿಯನ್ನು ದಡಕ್ಕೆಳೆದು ಅಡಿ ಕೆರೆಯುವುದು ಮಾತ್ರ ಖಚಿತವಾಗಿದೆ.

ಸ್ಕೂಟರ್ ಕೊಳ್ಳಲಿಲ್ಲ. ಊರಿಗೆ ಮರಳಿದ ಸಹೋದ್ಯೋಗಿಯೊಬ್ಬರು ತಮ್ಮ ಸೈಕಲ್ಲನ್ನು ನನಗೆ ಬಿಟ್ಟುಹೋದರು. ಉಪ್ಪುಗಾಳಿಗೆ ಸರಪಳಿ ಪೂರ್ತಿ ತುಕ್ಕು ಹಿಡಿದಿದೆ. ತೆಂಗಿನೆಣ್ಣೆ ಹಚ್ಚಬಹುದೇ?

ದಕ್ಕೆಯ ಹುಡುಗ (ಶನಿವಾರ, ಸಂಜೆ 7.20)

ತೆಂಗಿನೆಣ್ಣೆ ಬೇಡ ಮಾಸ್ತರರೇ, ಅಂಟಾಗಿ ಮರಳು ಹಿಡಿಯುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಆಮೇಲೆ ಕಪ್ತಾನರ ಬಳಿ ಹೋಗಿ ಸ್ವಲ್ಪ ಎಂಜಿನ್ ಆಯಿಲ್ ಕೇಳಿ, ಕೊಂಡಿಗೊಂದು ಹನಿ ಸಾಕು. ಮಾತಾಡಿಸಿದಂತೆಯೂ ಆಗುತ್ತದೆ.